ಸೂಲಗಿತ್ತಿಯ ಕೈ

ಬಾಗಲಕೋಟೆ ಕಡೆಯ ನಮ್ಮೂರು ಬೇವೂರಿನ ಚಳಿಗಾಲದ ರಾತ್ರಿಗಳಲ್ಲಿ ಶೆಗಡಿಯ ಸುತ್ತ ಕುಳಿತಾಗ ನಮ್ಮ ಮನೆಯವರು ತಪ್ಪದೆ ನೆನೆಯುವ ಸಂಗತಿಯೊಂದಿದೆ: ನನ್ನ ಸೋದರತ್ತೆಯ ಚೊಚ್ಚಲ ಹೆರಿಗೆ. ನಾನಾಗ ಸಣ್ಣವ. ಕೆಲವನ್ನು ಕಣ್ಣಾರೆ ಕಂಡೆ, ಉಳಿದದ್ದು ಅವ್ವ ಹೇಳಿದ್ದು.

ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದಿದ್ದ ಕಾಲ. ಅತ್ತೆ ಹಡೆಯಲು ತವರಿಗೆ ಬಂದಿದ್ದಳು. ಸಂಜೆಗೆ ಬ್ಯಾನಿ ಶುರುವಾದಾಗ ಸೂಲಗಿತ್ತಿ ಅಜ್ಜಿಗೆ ಕರೆ ಹೋಯಿತು. ಓಣಿಯ ಅರ್ಧ ಮಕ್ಕಳನ್ನು ಅವಳೇ ಎತ್ತಿಕೊಂಡಿದ್ದಳು. ಬಂದವಳು ಮೊದಲು ಬಿಸಿನೀರಲ್ಲಿ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡಳು. ಕೆಂಡಕ್ಕೆ ಅಂಗೈ ಒಡ್ಡಿ ಕಾಯಿಸಿಕೊಂಡು, ಅತ್ತೆಯ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ ಕುಳಿತಳು. ಮಗುವಿನ ತಲೆ ಎತ್ತ ಇದೆ, ಬೆನ್ನು ಎತ್ತ ಇದೆ ಎಂದು ಆ ಅಂಗೈಯೇ ತಿಳಿದುಕೊಳ್ಳುತ್ತಿತ್ತು. "ತಲಿ ಕೆಳಗ ಐತಿ, ಚಿಂತಿ ಮಾಡಬ್ಯಾಡ್ರಿ" ಅಂದಳು. ಗಂಡಸರು ಕಟ್ಟೆಗೆ ಹೋದರು.

ನಡುರಾತ್ರಿ ದಾಟಿ ಗಂಡುಮಗು ಅತ್ತಿತು. ಕಸವೂ (ಮಾಸು) ಬಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಅಜ್ಜಿ ಕೂಸನ್ನು ತಡಮಾಡದೆ ತಾಯಿಯ ಎದೆಗೆ ಹಚ್ಚಿದಳು. ಹೊಕ್ಕಳ ಕೆಳಗೆ ಕೈಯಿಟ್ಟು ಹೊಟ್ಟೆ ನೀವತೊಡಗಿದಳು. ಸ್ವಲ್ಪ ಹೊತ್ತು ನೋಡಿ, ಹೊರಗೆ ಕೇಳುವಂತೆ ಕೂಗಿದಳು: "ಇದು ನನ್ನ ಕೈ ಮೀರೈತಿ. ಗಾಡಿ ತರ್ರಿ, ಬಾಗಲಕೋಟಿಗೆ ನಡೀರಿ."

ನೆರೆಮನೆಯ ಟ್ರ್ಯಾಕ್ಟರ್ ಬಂತು. ಟ್ರೈಲರಿನಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಅತ್ತೆಯನ್ನು ಮಲಗಿಸಿದರು. ಅಜ್ಜಿ ಮನೆಗೆ ಹೋಗಲಿಲ್ಲ, ತಾನೂ ಹತ್ತಿದಳು. ಆ ಚಳಿಯಲ್ಲಿ, ಆ ಕುಲುಕಾಟದ ದಾರಿಯುದ್ದಕ್ಕೂ ಅತ್ತೆಯ ಹೊಟ್ಟೆಯಿಂದ ಕೈ ತೆಗೆಯಲಿಲ್ಲ. ದವಾಖಾನೆಯಲ್ಲಿ ಡಾಕ್ಟರಬಾಯಿ ಇಂಜೆಕ್ಷನ್ ಕೊಟ್ಟು, ಸಲೈನ್ ಏರಿಸಿ, ಹೇಳಿದ ಮಾತನ್ನು ಅವ್ವ ಇಂದಿಗೂ ಮರೆತಿಲ್ಲ: "ಈ ಮುದುಕಿ ನೀವಿಕೋತ ಬಂದದ್ದಕ್ಕ ಈಕಿ ಉಳದಾಳ."

ಹೆರಿಗೆಯಾದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಕುಗ್ಗಬೇಕು. ಕುಗ್ಗಿದರೆ ಮಾತ್ರ ಬಾಯಿ ತೆರೆದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಸಡಿಲವಾಗಿ ಉಳಿದರೆ ಎರಡು ತಾಸೊಳಗೆ ಜೀವ ಹೋಗಬಹುದು. ಮೊದಲೇ ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ಗಂಡಾಂತರ ಇನ್ನೂ ಹೆಚ್ಚು. ನೀವುವುದೂ ಮಗುವಿಗೆ ಮೊಲೆ ಹಚ್ಚುವುದೂ ಗರ್ಭಕೋಶ ಕುಗ್ಗಲು ನೆರವಾಗುತ್ತವೆ. ಅಜ್ಜಿ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಐದನೇ ದಿನ ಸಟವಿ ಪೂಜೆಗೆ ಕರೆದಾಗ ಉಡಿಯಲ್ಲಿ ಜೋಳ, ಒಂದು ಖಣ ಇಸಿದುಕೊಂಡು ಹೋದಳು. ಅಷ್ಟೇ ಅವಳ ಫೀಸು.

2018ರಲ್ಲಿ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನನಗೆ ಈ ಅಜ್ಜಿಯೇ ಕಣ್ಣ ಮುಂದೆ ಬಂದಳು. ನರಸಮ್ಮ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಶಾಲೆಯ ಮೆಟ್ಟಿಲು ಹತ್ತದ ಕೂಲಿಕಾರ ಹೆಣ್ಣುಮಗಳು. ತಮ್ಮ ಅಜ್ಜಿ ಮರಿಗೆಮ್ಮನಿಂದ ಕೆಲಸ ಕಲಿತು, ಇಪ್ಪತ್ತರ ಹರೆಯದಲ್ಲಿ ಮೊದಲ ಹೆರಿಗೆ ಮಾಡಿಸಿದರು. ಎಪ್ಪತ್ತು ವರ್ಷಗಳಲ್ಲಿ ಅವರ ಕೈಯಲ್ಲಿ 15,000ಕ್ಕೂ ಹೆಚ್ಚು ಮಕ್ಕಳು ಕಣ್ಣುಬಿಟ್ಟವು. ಯಾರಿಂದಲೂ ಹಣ ಮುಟ್ಟಲಿಲ್ಲ. ತಾವೇ ಹನ್ನೆರಡು ಮಕ್ಕಳನ್ನು ಹೆತ್ತು, ನಾಲ್ವರನ್ನು ಕಳೆದುಕೊಂಡ ತಾಯಿ ಅವರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಅಂಥ ಕೈಗಳಿಗೆ ಔಷಧವೂ ಜೊತೆಯಾದರೆ ಏನಾಗುತ್ತದೆಂದು ನಮ್ಮ ಪಕ್ಕದ ಬೆಳಗಾವಿಯೇ ತೋರಿಸಿಕೊಟ್ಟಿದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರ ಮೇಲೆ ಅಧ್ಯಯನ ನಡೆಸಿದರು. ಮಗು ಹುಟ್ಟಿದ ಕೂಡಲೆ ಊರಿನ ದಾದಿಯರು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಗೆ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ಹೆರಿಗೆಗೆ ಟ್ರ್ಯಾಕ್ಟರ್ ಹುಡುಕಬೇಕಿಲ್ಲ. 2008ರಿಂದ 108 ವಾಹನ ಓಡುತ್ತಿದೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾಳೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಇದರಲ್ಲಿ ಎರಡು ಮಾತಿಲ್ಲ. "ನನ್ನ ಕೈ ಮೀರೈತಿ" ಎಂದು ಆ ರಾತ್ರಿ ಅಜ್ಜಿಯೇ ಹೇಳಿಕೊಟ್ಟ ಪಾಠ ಅದು. ಆದರೆ ಕೊನೆತನಕ ಪಕ್ಕದಲ್ಲಿ ಕೂರುವ ಅವಳ ಗುಣ ಆಸ್ಪತ್ರೆಯ ಬಾಗಿಲಲ್ಲೇ ಉಳಿದುಹೋಗಬಾರದು. ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆ ಮನೆಯ ಹೆಣ್ಣುಮಗಳೊಬ್ಬಳು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಗುಳಿಗೆ ತಪ್ಪಿಸಬೇಡಿ, 108ಕ್ಕೆ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ. ಹೆರಿಗೆ ಕೋಣೆಯೊಳಗೆ ಅವಳನ್ನು ಒಬ್ಬಳೇ ಬಿಡಬೇಡಿ, ಜೊತೆಗಿರಲು ಅನುಮತಿ ಕೇಳಿ ಪಡೆಯಿರಿ.