ಹಿಡಿಯಕ್ಕಿಯ ಭಾರ

ಕಾಲ್ನಡಿಗೆಯ ಯಾತ್ರೆ ನಮ್ಮ ಸಮಾಜಕ್ಕೆ ಹೊಸತಲ್ಲ. ಸೈಕಲ್ಲನ್ನೇರಿ ಮಠಕ್ಕೆ ಹೊರಟವರನ್ನು ಮಾತ್ರ ಜನರು ಇಂದಿಗೂ ಕುತೂಹಲದಿಂದ ನೋಡುತ್ತಾರೆ. ಅದರಲ್ಲಿಯೂ ಸವಾರರೆಲ್ಲ ಅರವತ್ತು ದಾಟಿದವರಾದರೆ ಕೇಳುವುದೇ ಬೇಡ. ಜೋಗುಪಾಳ್ಯದ ನಾವು ಆರು ಮಂದಿ ಮಿತ್ರರು ಕಳೆದ ಮಾಘಮಾಸದಲ್ಲಿ ಇಂತಹ ಎರಡು ದಿನಗಳ ಯಾತ್ರೆಯನ್ನು ಕೈಗೊಂಡೆವು. ಮೊದಲ ದಿನ ಸುಮಾರು 70 ಕಿಲೋಮೀಟರು ದೂರದ ಸಿದ್ಧಗಂಗೆ, ಮರುದಿನ ಕುಣಿಗಲ್ಲಿನ ಮಾರ್ಗವಾಗಿ ಎಡೆಯೂರು. ಇಲ್ಲಿ ನಿವೇದಿಸುವುದು ಮೊದಲ ದಿನದ ಸಂಗತಿಯನ್ನು.

ಇಷ್ಟಲಿಂಗಪೂಜೆಯನ್ನು ಪೂರೈಸಿ, ಚಕ್ರಗಳಿಗೆ ಗಾಳಿ ತುಂಬಿಸಿಕೊಂಡು, ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ನಗರದ ರೈಲುನಿಲ್ದಾಣದೆದುರು ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ಕ್ಷಣಕಾಲ ನಿಂತು ಕೈಮುಗಿದೆವು. 1903ರಲ್ಲಿ ಸ್ಥಾಪಿತವಾದ ಧರ್ಮಸಂಸ್ಥೆಯದು. ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುವಾಗ ಆಶ್ರಯ ಪಡೆದದ್ದು ತೋಟದಪ್ಪನವರ ಉಚಿತ ವಿದ್ಯಾರ್ಥಿನಿಲಯದಲ್ಲಿಯೇ. ಅಲ್ಲಿ ಉಂಡವರು 1941ರಿಂದ ಸಿದ್ಧಗಂಗೆಯ ಹೊಣೆ ಹೊತ್ತು, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಲಕ್ಷಾಂತರ ಮಕ್ಕಳಿಗೆ ಉಣಬಡಿಸಿದರು.

ಪೀಣ್ಯವನ್ನು ದಾಟುವುದೇ ಪ್ರಯಾಸ. ಲಾರಿಗಳ ಹೊಗೆ, ಧೂಳು, ಕಿವಿಗಡಚಿಕ್ಕುವ ಹಾರನ್ನು. ಆ ವೇಳೆಗಾಗಲೇ ನಮ್ಮಲ್ಲೊಬ್ಬರು ಬಹಳ ಹಿಂದೆ ಬಿದ್ದಿದ್ದರು. ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಧರ್ಮಪತ್ನಿ ಲಿಂಗೈಕ್ಯರಾಗಿ ವರ್ಷ ತುಂಬಿತ್ತು. ಅಂದಿನಿಂದ ಅವರು ಮನೆಯ ಹೊಸ್ತಿಲು ದಾಟಿದ್ದೇ ಕಡಿಮೆ. ನೆಲಮಂಗಲದಲ್ಲಿ ಅವರು ಬಂದು ಸೇರುವಷ್ಟರಲ್ಲಿ ಮೈಯೆಲ್ಲ ಬೆವರು, ಮಾತಿಗೂ ಉಸಿರಿಲ್ಲ. ಮಗನ ದೂರವಾಣಿ ಕರೆಯೂ ಬಂದಿತು: “ಸಾಕಪ್ಪಾ, ಬಸ್ಸು ಹತ್ತಿ ಬಂದುಬಿಡಿ.”

ಕ್ಯಾರಿಯರಿನ ಮೇಲಿನ ಗಂಟನ್ನು ಮುಟ್ಟಿ ನೋಡಿದ ಮಿತ್ರರೊಬ್ಬರು, “ಇದೇನು ಸ್ವಾಮೀ, ಕಲ್ಲು ತುಂಬಿದ್ದೀರಾ?” ಎಂದು ಕೇಳಿದರು.

“ಅಕ್ಕಿ. ನಮ್ಮ ಮನೆಯವಳದು.”

ಆ ತಾಯಿ ದಿನವೂ ಎಸರಿಡುವ ಮುನ್ನ ಮಠಕ್ಕೆಂದು ಒಂದು ಹಿಡಿ ಅಕ್ಕಿಯನ್ನು ಮಡಕೆಗೆ ಹಾಕುತ್ತಿದ್ದರಂತೆ. ಅವರು ಹೋದ ಮೇಲೆ ಇವರು ಅದನ್ನು ಬಿಸಿಲಿಗೆ ಹರಡಿ, ಹುಳು ಹಿಡಿಯದಂತೆ ಬೇವಿನೆಲೆ ಹಾಕಿ ಕಾದಿಟ್ಟಿದ್ದರು. ಹನ್ನೆರಡು ಕಿಲೋ. ನಮ್ಮಲ್ಲಿ ಚರ್ಚೆಯೇ ನಡೆಯಿತು. ದಿನಕ್ಕೆ ಮೂಟೆಗಟ್ಟಲೆ ಬೇಯುವ ಕಡೆ ಇದೆಷ್ಟರದು, ಹಣವನ್ನೇ ಕಾಣಿಕೆಯಾಗಿ ಕೊಡಬಹುದಲ್ಲ ಎಂದರು ಒಬ್ಬರು. ಮತ್ತೊಬ್ಬರು, ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಂದಕ್ಕೆ ಕಳುಹಿದಳಲ್ಲವೇ ಎಂದು ನಮ್ಮತ್ತ ನೋಡಿದರು. ಲಕ್ಕಮ್ಮ ತಾಯಿಯನ್ನು ಹೀಗೆ ಸಾಕ್ಷಿಗೆ ಕರೆಯುವುದು ನಮಗೆ ಸರಿಕಾಣಲಿಲ್ಲ. ಆಕೆ ನಿರಾಕರಿಸಿದ್ದು ಅಂದಿನ ಅಗತ್ಯವನ್ನು ಮೀರಿದ ಅಕ್ಕಿಯನ್ನು. ಇದಾದರೋ ಪ್ರತಿದಿನದ ಅಳತೆಯಲ್ಲಿಯೇ ಒಂದು ಹಿಡಿ ಕಡಿಮೆ ಮಾಡಿಕೊಂಡು ಉಳಿಸಿದ್ದು. ಆರು ಸೈಕಲ್ಲುಗಳಿವೆ, ತಲಾ ಎರಡು ಕಿಲೋ ಎಂದು ಹೇಳಿದೆವು. ಅವರು ಮೊದಮೊದಲು ಒಪ್ಪಲಿಲ್ಲ; ಗಂಟಿನ ಮೇಲಿಟ್ಟ ಕೈಯನ್ನು ತೆಗೆಯಲು ತುಸು ಹೊತ್ತೇ ಹಿಡಿಯಿತು. ಮಗನಿಗೆ ನಾವೇ ಕರೆ ಮಾಡಿ, “ಭಾರ ಹಂಚಿಕೊಂಡಿದ್ದೇವಪ್ಪಾ. ತಂದೆಯವರು ಮುಂದೆ ಇರುತ್ತಾರೆ, ನಾವೆಲ್ಲ ಅವರ ಹಿಂದೆ” ಎಂದೆವು.

ಅಲ್ಲಿಂದಾಚೆಗೆ ಅವರ ವೇಗವೇ ನಮ್ಮೆಲ್ಲರ ವೇಗ. ಪ್ರಸಾದದ ಪಂಕ್ತಿಯಲ್ಲಿ ಕೊನೆಯವರು ಮುಗಿಸುವವರೆಗೆ ಯಾರೂ ಏಳರಷ್ಟೆ, ಹಾಗೆ. ದಾಬಸ್‌ಪೇಟೆಯ ಬಳಿ ಎಡಕ್ಕೆ ಶಿವಗಂಗೆಯ ಬೆಟ್ಟ ಕಾಣಿಸಿದಾಗ, ಮದುವೆಯಾದ ಹೊಸತರಲ್ಲಿ ಇಬ್ಬರೂ ಅದನ್ನು ಹತ್ತಿದ್ದೆವೆಂದು ತಾವಾಗಿಯೇ ಹೇಳಿದರು. ವರ್ಷದಲ್ಲಿ ಅವರು ಪತ್ನಿಯ ಮಾತೆತ್ತಿದ್ದು ಅದೇ ಮೊದಲು.

ಕ್ಯಾತಸಂದ್ರವನ್ನು ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ದಾಸೋಹದ ಉಗ್ರಾಣದಲ್ಲಿದ್ದ ಹುಡುಗನೊಬ್ಬ ಆರು ಗಂಟುಗಳನ್ನೂ ಸಲೀಸಾಗಿ ಬಿಚ್ಚಿ ರಾಶಿಗೆ ಸುರಿದನು. ಯಾವ ಅಕ್ಕಿ ಯಾರದೆಂದು ಕ್ಷಣದಲ್ಲಿ ತಿಳಿಯದಾಯಿತು. ಮಿತ್ರರು ಸ್ವಲ್ಪ ಹೊತ್ತು ನೋಡುತ್ತ ನಿಂತು, ಬಟ್ಟೆಯ ಚೀಲವೊಂದನ್ನು ಮಾತ್ರ ಮರಳಿ ಕೇಳಿ ಪಡೆದರು. ಪ್ರಸಾದವಾದ ಮೇಲೆ ಹುಡುಕಿದರೆ ಅವರು ನೆರಳಿನಲ್ಲಿ ಸೈಕಲ್ಲಿನ ಬಳಿ ಕುಳಿತು, ನಾಳೆಯ ದಾರಿಗೆಂದು ಚೈನಿಗೆ ಎಣ್ಣೆ ಬಿಡುತ್ತಿದ್ದರು.