ಬಲ್ಬು ಹತ್ತುವ ಹೊತ್ತು

ಆಯುಧಪೂಜೆಗೆ ಇನ್ನೆರಡು ದಿನ ಇದೆ ಅನ್ನುವಾಗ ದೊಡ್ಡಪ್ಪ ಅಂಬಾಸಿಡರಿನ ಬಾನೆಟ್ ಎತ್ತುತ್ತಿದ್ದರು. ಅದು ಕಿರ್ರೆಂದು ಏಳುವ ಸದ್ದು ಜಗಲಿಯಲ್ಲಿ ಮಗ್ಗಿ ಬರೆಯುತ್ತಿದ್ದವರಿಗೂ, ಕೊಟ್ಟಿಗೆಯಲ್ಲಿ ಕರುವಿನ ಜೊತೆ ಆಡುತ್ತಿದ್ದವರಿಗೂ, ಅಟ್ಟದ ಮೇಲೆ ಬೆಲ್ಲದ ಡಬ್ಬಿಗೆ ಕೈ ಹಾಕಿದವರಿಗೂ ಒಟ್ಟಿಗೇ ಕೇಳಿಸಿ, ಎಲ್ಲ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ತಡವಾಗಿ ಹೋದವರಿಗೆ ಬರೀ ಚಿಂದಿಬಟ್ಟೆ ಹಿಡಿದು ನಿಲ್ಲುವ ಕೆಲಸ.

ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ನಾಲ್ಕು ತಿಂಗಳು ನೆಂದ ಕಾರು ಅದು, ಮಾರ್ಕ್ 2, 1489 ಸಿಸಿಯದು. ಜಡಿಮಳೆಯ ದಿನಗಳಲ್ಲಿ ಬೆಳಿಗ್ಗೆ ಅದು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಡಿಸ್ಟ್ರಿಬ್ಯೂಟರಿನ ಕರೀ ಮುಚ್ಚಳದೊಳಗೆ ಥಂಡಿ ಕೂತು ಕಿಡಿ ಪ್ಲಗ್ಗಿಗೆ ಹೋಗದೆ ದಾರಿ ತಪ್ಪುತ್ತಿತ್ತು. ಆಗ ಆ ಮುಚ್ಚಳವನ್ನು ಬಿಚ್ಚಿ, ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ನಮ್ಮ ಒದ್ದೆ ಚಡ್ಡಿ, ಲಂಗಗಳ ಪಕ್ಕಕ್ಕೇ ತೂಗುಹಾಕಿ ಒಣಗಿಸುತ್ತಿದ್ದರು. ಅದಕ್ಕೂ ನಮ್ಮ ಬಟ್ಟೆಗೂ ಒಂದೇ ಹೊಗೆವಾಸನೆ. ಶಾಲೆಯಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ, ನಮ್ಮ ಕಾರೂ ಹೀಗೇ ನಾರುತ್ತದೆ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದೆವು.

ಮೊದಲು ಪಾಯಿಂಟು. ಮುಚ್ಚಳ ತೆಗೆದು, ರೋಟರ್ ಎತ್ತಿಟ್ಟರೆ ಅಡಿಯಲ್ಲಿ ಅಕ್ಕಿಕಾಳಿನಷ್ಟೇ ದೊಡ್ಡ ಎರಡು ಲೋಹದ ಚುಕ್ಕಿಗಳು ಒಂದನ್ನೊಂದು ಮುಟ್ಟಿ ಬಿಟ್ಟು ಮಾಡುವ ಜಾಗ. ಸುಟ್ಟು ಗುಳಿ ಬಿದ್ದಿದ್ದರೆ ಎಮರಿ ಕಾಗದದಲ್ಲಿ ಎರಡೇ ಎರಡು ಸಲ ಉಜ್ಜಿ, ಫೀಲರ್ ಗೇಜಿನ 15 ಥೌ ಎಲೆಯನ್ನು ನಡುವೆ ತೂರಿಸಿ ನೋಡುತ್ತಿದ್ದರು. ಬಿಗಿಯೂ ಇರಬಾರದು, ಸಡಿಲವೂ ಆಗಬಾರದು, ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಹೋಗಬೇಕು. "ಹಿಮ್ಮಡಿ ಸವೆದಿದೆ ಮಾರಾಯ, ಅದಕ್ಕೇ ಗ್ಯಾಪು ಕಮ್ಮಿ, ಅದಕ್ಕೇ ಟೈಮಿಂಗು ಹಿಂದೆ ಬಿದ್ದಿದೆ" ಎಂದು ದೊಡ್ಡಪ್ಪ ಗೊಣಗಿದರೆ, ಕಾರಿಗೂ ಹಿಮ್ಮಡಿ ಇರುತ್ತದೆ ಎಂದು ನಾವು ನಮ್ಮ ನಮ್ಮ ಒಡಕು ಹಿಮ್ಮಡಿ ನೋಡಿಕೊಳ್ಳುತ್ತಿದ್ದೆವು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಆ ಗೇಜು ಇರುತ್ತಿದ್ದುದು ದೊಡ್ಡಮ್ಮನ ಹೊಲಿಗೆ ಡಬ್ಬಿಯಲ್ಲಿ, ಗುಂಡಿ, ಸೂಜಿಗಳ ನಡುವೆ.

ಆಮೇಲೆ ಟೈಮಿಂಗು, ಅದಕ್ಕೆ ಇಡೀ ಮನೆಯೇ ಬೇಕು. ನಾಲ್ಕೂ ಪ್ಲಗ್ ಬಿಚ್ಚಿಟ್ಟರೆ ಹ್ಯಾಂಡಲ್ ಹಗುರ. ದೊಡ್ಡಣ್ಣ ಅದನ್ನು ಮುಂದಿನಿಂದ ತೂರಿಸಿ ಮೆಲ್ಲಗೆ ತಿರುಗಿಸಬೇಕು. ಒಂದನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ನಿಂತವರಿಗೆ ಒಳಗಿನ ಗಾಳಿ ಫುಸ್ಸೆಂದು ಬೆರಳನ್ನು ನೂಕಿದಾಗ "ಬಂತು ಬಂತು" ಎಂದು ಹೇಳುವ ಕೆಲಸ. ಬ್ಯಾಟರಿ ಹಿಡಿದು ಎಂಜಿನ್ನಿನ ಅಡಿಗೆ ತೆವಳಿದವರು, ಮೂಗಿನ ಮೇಲೆ ತೊಟ್ಟಿಕ್ಕುವ ಆಯಿಲು ಒರೆಸಿಕೊಳ್ಳುತ್ತ, ಪುಲ್ಲಿಯ ಅಂಚಿನ ಕಚ್ಚು ಟೈಮಿಂಗ್ ಕವರಿನ ಮುಳ್ಳುಗಳ ಹತ್ತಿರ ಬರುವುದನ್ನು ಕಾಯಬೇಕು. ಎಲ್ಲರಿಗಿಂತ ಸಣ್ಣವರ ಕೈಗೆ ಬಲ್ಬು: 12 ವೋಲ್ಟಿನ ಪುಟ್ಟ ಬಲ್ಬಿಗೆ ಎರಡು ವೈರು, ಒಂದು ತುದಿ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ತಂತಿ ಬಂದು ಸೇರುವ ಜಾಗಕ್ಕೆ, ಇನ್ನೊಂದು ಕಾರಿನ ಮೈಗೆ. ಹಗಲಲ್ಲಿ ಅದು ಕಾಣದೆಂದು ಈ ಕೆಲಸವೆಲ್ಲ ಮುಸ್ಸಂಜೆಗೇ. ದೇವರಿಗೆ ದೀಪ ಹಚ್ಚಿದ ಎಣ್ಣೆವಾಸನೆ, ಒಗ್ಗರಣೆ ಅವಲಕ್ಕಿಯ ಸಾಸಿವೆ, ಪೆಟ್ರೋಲು, ನುಸಿ ಓಡಿಸಲು ಅಜ್ಜಿ ಹಾಕಿದ ಬೇವಿನೆಲೆಯ ಹೊಗೆ, ಎಲ್ಲ ಒಂದಾಗಿ ಅಂಗಳದಲ್ಲಿ ನಿಂತಿರುತ್ತಿತ್ತು.

ಕಚ್ಚು ತುದಿಯ ಗುರುತಿಗೆ ಕೆಲವೇ ಡಿಗ್ರಿ ಮೊದಲು ನಿಂತಿತೆಂದರೆ ದೊಡ್ಡಪ್ಪ ಇಗ್ನಿಷನ್ ಆನ್ ಮಾಡಿಸಿ, ಕ್ಲಾಂಪಿನ ಬೋಲ್ಟು ತುಸು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಎರಡು ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಯಾರೂ ಉಸಿರು ಬಿಡುತ್ತಿರಲಿಲ್ಲ. ಪಾಯಿಂಟು ಬಿಡಿಸಿಕೊಂಡ ಗಳಿಗೆಗೇ ಬಲ್ಬು ಮಿಣುಕ್ಕನೆ ಉರಿಯುತ್ತಿತ್ತು. "ಹತ್ತಿತೂ!" ಎಂದು ಸಣ್ಣವರ ಕೂಗು, "ಸೈ, ಇನ್ನು ಯಾರೂ ಮುಟ್ಟಬೇಡಿ" ಎಂದು ದೊಡ್ಡಪ್ಪ.

ಪಿಸ್ಟನ್ನು ತುದಿಗೆ ಹೋದ ಮೇಲೆ ಕಿಡಿ ಕೊಟ್ಟರಾಗದೇ, ಮೊದಲೇ ಯಾಕೆ ಎಂದು ನಮ್ಮಲ್ಲೊಬ್ಬಳು ಕೇಳಿದ್ದಳು. ದೊಡ್ಡಪ್ಪ ಬಚ್ಚಲ ಕಡೆ ಕೈ ತೋರಿಸಿದರು. "ಹಂಡೆ ನೀರು ಕಾಯಬೇಕಾದರೆ ಒಲೆ ಯಾವಾಗ ಹಚ್ತೀಯ? ಮೀಯಲು ಕೂತ ಮೇಲಾ? ಪೆಟ್ರೋಲು ಹೊತ್ತಿ ಉರಿಯಲಿಕ್ಕೂ ಹೊತ್ತು ಬೇಕು. ತಡ ಆದರೆ ಬಲ ಇಲ್ಲ, ಬರೀ ಬಿಸಿ. ಬೇಗ ಆದರೆ ಹತ್ತುವ ಪಿಸ್ಟನ್ನಿನ ತಲೆ ಮೇಲೇ ಹೊಡೆತ." ಬೇಗ ಆದರೆ ಏನಾಗುತ್ತದೆಂದು ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಜೊತೆ ಒಂದೇ ಕಡೆ ಇಡದೆ ಹ್ಯಾಂಡಲ್ ಹೊಡೆದು, ಅದು ಹಿಂದಕ್ಕೆ ಒದ್ದು, ಎಂಟು ದಿನ ಕೈಗೆ ಎಣ್ಣೆ ತಿಕ್ಕಿಸಿಕೊಂಡವನು ಅವನು.

ನಿಜವಾದ ಪರೀಕ್ಷೆ ಮಾತ್ರ ಉಡುಪಿಗೆ ಹೋಗಿ ಬರುವಾಗ. ಸೋಮೇಶ್ವರ ದಾಟಿ ಆಗುಂಬೆಯ 14 ತಿರುವುಗಳು ಶುರುವಾದರೆ ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತ ಏಳು ಮಕ್ಕಳೂ ತುಟಿಪಿಟಿಕ್ಕೆನ್ನುವಂತಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದಂತೆ ಕಿಣಕಿಣ ಅಂದು ಸುಮ್ಮನಾದರೆ ಸರಿ. ಬಿಡದೆ ಅನ್ನುತ್ತಿದ್ದರೆ ನಾಕಿಂಗು. ದೊಡ್ಡಪ್ಪ ತಿರುವಿನ ಬದಿಯಲ್ಲಿ ಕಾರು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಪುಟ್ಟ ತಿರುಪನ್ನು ಆರ್ ಅಕ್ಷರದ ಕಡೆಗೆ ಟಿಕ್ ಟಿಕ್ ಎಂದು ತಿರುಗಿಸುತ್ತಿದ್ದರು. ಸುಮಾರು 11 ಟಿಕ್ಕಿಗೆ ಒಂದು ಡಿಗ್ರಿ. ಎಣಿಸುವವರು ನಾವು, ಮಂಗಗಳಿಗೆ ಬಾಳೆಹಣ್ಣು ಕೊಡದೆ ಬಚ್ಚಿಟ್ಟುಕೊಂಡು. ಮತ್ತೆ ಹೊರಟಾಗ ಮೊದಲು ತಿಳಿಯುತ್ತಿದ್ದುದು ಅಜ್ಜಿಗೆ. ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದವರು "ಈಗ ಸಮಾ ಆಯ್ತು" ಅನ್ನುತ್ತಿದ್ದರು.

2014ರಲ್ಲಿ ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತಿತು ಎಂದು ಪೇಪರಿನಲ್ಲಿ ಬಂದ ದಿನ ದೊಡ್ಡಪ್ಪ ಇರಲಿಲ್ಲ, ಕಾರೂ ಇರಲಿಲ್ಲ. ಹ್ಯಾಂಡಲ್ ಮಾತ್ರ ಉಳಿದಿದೆ. ಆಯುಧಪೂಜೆಗೆ ಕತ್ತಿ, ಕೊಡಲಿ, ಹೆರೆಮಣೆಯ ಸಾಲಿನಲ್ಲಿ ಅದಕ್ಕೂ ಕುಂಕುಮ. ಹೋದ ವರ್ಷ ನಾವೆಲ್ಲ ಬಂದಿದ್ದೆವು. ಅಂಗಳದಲ್ಲಿ ನಾಲ್ಕು ಕಾರು. ಯಾವುದರ ಬಾನೆಟ್ ಎತ್ತಿದರೂ ಒಂದು ಪ್ಲಾಸ್ಟಿಕ್ ಮುಚ್ಚಳ. ಕಿಡಿ ಯಾವಾಗ ಎಂಬುದನ್ನು ಒಳಗಿನ ಕಂಪ್ಯೂಟರು ನೋಡಿಕೊಳ್ಳುತ್ತದೆ, ಹೆಬ್ಬೆರಳು ಇಡಲು ಜಾಗವಿಲ್ಲ. ಮಕ್ಕಳು ಸೀಟಿನಲ್ಲಿ ಕೂತು ಫೋನು ನೋಡುತ್ತಿದ್ದರು.

ಮುಸ್ಸಂಜೆಗೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಜಗಲಿ ಮೇಲೆ ಸಾಲಾಗಿ ಕೂತು, ಮಾತೂ ಮುಗಿದು ಸುಮ್ಮನಿದ್ದಾಗ ಬಲ್ಬು ಮಿಣುಕ್ಕನೆ ಉರಿಯಿತು. "ಹತ್ತಿತೂ!" ಎಂದು ಐವತ್ತು ದಾಟಿದ ನಮ್ಮ ಸಣ್ಣವನು ಕೂಗಿಯೇಬಿಟ್ಟ. ನಾವು ನಕ್ಕೆವು, ಆಮೇಲೆ ಏಕೋ ಎಲ್ಲರೂ ಒಟ್ಟಿಗೇ ಸುಮ್ಮನಾದೆವು.

"ಸೈ," ಅಂದರು ದೊಡ್ಡಮ್ಮ ಒಳಗಿನಿಂದ. "ಇನ್ನು ಕೈ ತೊಳಕೊಂಡು ಊಟಕ್ಕೆ ಬನ್ನಿ."