ಊದಿ ತಿನ್ನು

ನಮ್ಮ ಅಡುಗೆಮನೆಯಲ್ಲಿ ಅಪ್ಪ ಅತಿಥಿ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಈಗಲೂ ಅವ್ವನನ್ನೇ ಕೇಳಬೇಕು. ವರ್ಷಕ್ಕೊಮ್ಮೆ ಮಾತ್ರ ಆತ ಬಾಣಸಿಗನಾಗುತ್ತಾನೆ, ಅದೂ ಹೊಲದಲ್ಲಿ. ಬರುವ ಅಡುಗೆ ಒಂದೇ: ಸೀತನಿ.

ಹಿಂಗಾರಿ ಜೋಳದ ಕಾಳು ಹಾಲುದುಂಬಿ, ಇನ್ನೂ ಗಟ್ಟಿಯಾಗದೆ ಹಸಿರಾಗಿರುವ ಕೆಲವೇ ದಿನ ಅದರ ಕಾಲ. ಡಿಸೆಂಬರ್ ಕೊನೆ, ಜನವರಿ ಮೊದಲು. ತಡ ಮಾಡಿದರೆ ಸಿಹಿಯೆಲ್ಲ ಹಿಟ್ಟಾಗಿ ತೆನೆ ರೊಟ್ಟಿಯ ದಾರಿ ಹಿಡಿಯುತ್ತದೆ. ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಗಾದೆ ಕಟ್ಟಿಸಿಕೊಂಡ ಎರೆಭೂಮಿ. ಮಳೆ ನಿಂತ ಮೇಲೂ ಒಳಗಿನ ಹಸಿಯಲ್ಲೇ ಬೆಳೆ ನಿಲ್ಲುತ್ತದೆ. ಮೇಲೆ ನೋಡಿದರೆ ಬರೀ ಬಿರುಕು. ಈ ಸಲ ಆ ಬಿರುಕಿಗೆ ಮಗಳ ಹೇರ್ ಕ್ಲಿಪ್ ಬಿತ್ತು. ನನ್ನ ಗೋಲಿಗಳೂ ಅಲ್ಲೇ ಎಲ್ಲೋ ಇವೆ ಎಂದು ಸಮಾಧಾನ ಹೇಳಿದೆ.

ಅಪ್ಪ ಗೇಣುದ್ದದ ಕುಳಿ ತೋಡಿ ಕುಳ್ಳು ಒಟ್ಟಿದ. ಕಟ್ಟಿಗೆಯ ಉರಿಗೆ ತೆನೆ ಕರಕಾಗುತ್ತದೆ. ಕುಳ್ಳಿನ ಕೆಂಡಕ್ಕೆ ಅವಸರವಿಲ್ಲ. ದಂಟು ಹಿಡಿದು ತೆನೆಗಳನ್ನು ಕೆಂಡದೊಳಗೆ ತೂರಿಸಿ ಬೂದಿ ಎಳೆದ. ಫೋನಿನಲ್ಲಿ ಟೈಮರ್ ಇಡಲೇ ಎಂದಳು ಮಗಳು.

“ಮೂಗಿಲೆ ನೋಡಬೇಕ ಯವ್ವಾ. ವಾಸನಿ ಬಂತಂದ್ರ ಆತು.”

ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಕುಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ನಿಲ್ಲಿಸುವುದೇ ಇಲ್ಲ. “ಓದಾಕ ಧಾರವಾಡಕ್ಕ ಹೋಗ್ತಿಯೇನು?” ಎಂದು ನನ್ನನ್ನು ಕೇಳಿದ್ದೂ ಇಂಥದೇ ಕುಳಿಯ ಮುಂದೆ. ಮುಖ ನೋಡಿ ಕೇಳಲಾಗದ್ದನ್ನು ಕೆಂಡ ಕೆದಕುತ್ತ ಕೇಳಬಹುದು. ಉತ್ತರ ತಡವಾದರೆ ಇನ್ನೊಂದು ತೆನೆ ಹೊರಳಿಸಬಹುದು. ಅವತ್ತು ಬಹಳ ತೆನೆ ಹೊರಳಿದವು.

ಕಸುಬು ಇರುವುದು ತೆನೆ ಸುಟ್ಟ ಮೇಲೆ. ಆರಿದ ತೆನೆ ಕಾಳು ಬಿಡುವುದಿಲ್ಲ, ಸುಡುವಾಗಲೇ ತಿಕ್ಕಬೇಕು. ಅಪ್ಪನ ಜಡ್ಡುಗಟ್ಟಿದ ಅಂಗೈಗಳ ನಡುವೆ ಹಸಿರು ಕಾಳು ಸರಸರನೆ ಉದುರಿದವು. ನಾನೂ ಒಂದನ್ನು ಹಿಡಿದೆ. ಹಾ ಹೂ ಎನ್ನುತ್ತ ಕೈ ಬದಲಿಸಿದ್ದೇ ಬಂತು. “ಬೆಂಗಳೂರು ಕೈ,” ಎಂದು ತೆನೆ ಕಸಿದುಕೊಂಡ. ಮೊರದಲ್ಲಿ ಹೊಟ್ಟು ಹಾರಿಸಿ ಮೊದಲ ಹಿಡಿಯನ್ನು ಮೊಮ್ಮಗಳ ಅಂಗೈಗೆ ಸುರಿದ.

“ಸುಡತೈತಿ. ಊದಿ ತಿನ್ನು.”

ಅವ್ವ ಶೇಂಗಾ ಹಿಂಡಿ, ಬೆಲ್ಲ, ಮೊಸರು ಕಟ್ಟಿಕೊಟ್ಟಿದ್ದಳು. (ಸೀತನಿಯನ್ನು ಮೊಸರಲ್ಲಿ ಕಲಸುವವರ ಬಗ್ಗೆ ನನಗೆ ಗೌರವವಿಲ್ಲ. ಅಪ್ಪ ಕಲಸುತ್ತಾನೆ.) 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ, ಅದರಲ್ಲಿ ನಮ್ಮ ಜೋಳವೂ ಇದೆ ಎಂದು. “ಹಂಗಾರ ಉಳದ ವರ್ಷ ಏನ್ ತಿಂತಾರಂತ?” ಎಂದಿದ್ದ.

ಮಗಳು ಕೊನೆಯ ತೆನೆ ತನಗೇ ಬೇಕೆಂದು ಹಟ ಹಿಡಿದಳು. ಅಪ್ಪನ ಟವೆಲಿನಲ್ಲಿ ಸುತ್ತಿ, ತಿಕ್ಕಿ, ಬಿಡಿಸಿ, ಮೂಗಿಗೆಲ್ಲ ಮಸಿ ಬಳಿದುಕೊಂಡು, ಬಹಳ ಹೊತ್ತಿನ ಮೇಲೆ ಒಂದು ಹಿಡಿ ಮಾಡಿದಳು. ಅರ್ಧ ಕಾಳು, ಅರ್ಧ ಹೊಟ್ಟು. ಅದನ್ನು ಅಜ್ಜನ ಮುಂದೆ ಹಿಡಿದಳು.

“ಮುತ್ಯಾ, ಸುಡತೈತಿ. ಊದಿ ತಿನ್ನು.”

ಕಾಳು ಎಂದೋ ತಣ್ಣಗಾಗಿತ್ತು. ಅಪ್ಪ ಎರಡು ಸಲ ಊದಿ, ಹೊಟ್ಟುಸಮೇತ ಬಾಯಿಗೆ ಹಾಕಿಕೊಂಡ.